ಮುಂದಿನ ಗಾಲಿಯ ಕೀಲಿ

ಹಳೇ ಫೋರ್-ವೀಲ್-ಡ್ರೈವ್ ಪಿಕಪ್ ಕೊಂಡ ಹೊಸತರಲ್ಲಿ ನಮ್ಮ ವಯಸ್ಸಿನವರೆಲ್ಲ ಒಂದು ಪಟ್ಟಿ ಮಾಡುತ್ತಾರೆ. ಎಲ್‌ಇಡಿ ಬಾರ್, ವಿಂಚ್, ಸ್ನಾರ್ಕೆಲ್, ದೊಡ್ಡ ಟಯರು, ಕಪ್ಪು ಬಂಪರ್. ಆ ಪಟ್ಟಿ ಹಿಡಿದು ಬೈಲಹೊಂಗಲದ ಕಡೆಯ ಯಾವುದಾದರೂ ಹಳೇ ಮಿಸ್ತ್ರಿಯ ಹತ್ತಿರ ಹೋಗಿ ನೋಡಿ. ಆತ ಪಟ್ಟಿ ಓದುವುದಿಲ್ಲ. ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಡುವಿನ ಕೆಸರು ಒರೆಸಿ, "ಹಬ್ ಫಿಕ್ಸ್ ಅದಾವೋ ಫ್ರೀ ಅದಾವೋ, ಅದನ್ನ ಮೊದಲ ನೋಡ್ರಿ ಸರ" ಅಂತಾನೆ. ಅಂಗೈಯಷ್ಟಗಲದ ಒಂದು ಲೋಹದ ಬಿಲ್ಲೆ. ಅದರ ಮೇಲೆ ಒಂದು ತಿರುಗಣಿ. ತಿರುಗಣಿಯ ಸುತ್ತ ಎರಡೇ ಶಬ್ದ: ಫ್ರೀ, ಲಾಕ್.

ಈ ಬಿಲ್ಲೆ ಮಾಡುವ ಕೆಲಸ ಸರಳ. ಜೀಪಿನಂಥ ಗಾಡಿಯಲ್ಲಿ ಒಳಗಿನ ಸಣ್ಣ ಗೇರ್ ಲಿವರ್ ಎಳೆದರೆ ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೂ ಹೋಗುತ್ತದೆ. ಲಿವರ್ ಎಳೆಯದಿದ್ದಾಗ ಹೋಗುವುದಿಲ್ಲ. ಆದರೆ ಗಾಲಿ ಮತ್ತು ಒಳಗಿನ ಶಾಫ್ಟ್ ಬೋಲ್ಟಿನಿಂದ ಬಿಗಿದುಕೊಂಡಿದ್ದರೆ ಟಾರ್ ರಸ್ತೆಯಲ್ಲಿ ಗಾಲಿ ಉರುಳಿದಷ್ಟೂ ಹೊತ್ತು ಶಾಫ್ಟು, ಡಿಫರೆನ್ಷಿಯಲ್ಲು, ಮುಂದಿನ ಪ್ರೊಪೆಲ್ಲರ್ ಶಾಫ್ಟು ಎಲ್ಲವೂ ಸುಮ್ಮನೆ ತಿರುಗುತ್ತಲೇ ಇರುತ್ತವೆ. ಕೆಲಸವಿಲ್ಲ, ಸಂಬಳ ಮಾತ್ರ ಹೋಗುತ್ತಿದೆ. ಸವೆತ, ಸದ್ದು, ಒಂದಿಷ್ಟು ಡೀಸೆಲ್ಲು. ಹಬ್ಬನ್ನು 'ಫ್ರೀ'ಗೆ ತಿರುಗಿಸಿದರೆ ಗಾಲಿ ತನ್ನ ಪಾಡಿಗೆ ಉರುಳುತ್ತದೆ, ಒಳಗಿನದೆಲ್ಲ ನಿದ್ದೆ ಮಾಡುತ್ತದೆ. ಅಂದರೆ ಫ್ರೀ ಮಾಡಿದ ಹಬ್ಬು ಜೀಪಿನ ಮುಂದಿನ ಗಾಲಿಯನ್ನು ಚಕ್ಕಡಿ ಗಾಲಿ ಮಾಡುತ್ತದೆ. ಚಕ್ಕಡಿ ಗಾಲಿ ಅಚ್ಚಿನ ಮೇಲೆ ಯಾವತ್ತೂ ಫ್ರೀ. ಅದು ಕಳಚಿ ಬೀಳದಂತೆ ತುದಿಯಲ್ಲಿ ಒಂದು ಕಡಾಣಿ ಇರುತ್ತದೆ, ಅಷ್ಟೇ. ಎಳೆಯುವ ಕೆಲಸ ಎತ್ತಿನದು, ಗಾಲಿಯದಲ್ಲ.

ಇಷ್ಟು ಸಣ್ಣ ಸಾಮಾನಿಗೆ ಇತಿಹಾಸ ಬೇಕಾ ಅಂತ ನೀವು ಕೇಳಬಹುದು. ನಮ್ಮ ನಾಲ್ಕು ತಾಲೂಕುಗಳ ಮಣ್ಣು ಗೊತ್ತಿದ್ದರೆ ಕೇಳುವುದಿಲ್ಲ.

ಕಿತ್ತೂರು ಪಡುವಣದ ತುದಿ, ಮಳೆ ಹೆಚ್ಚು, ಭತ್ತದ ಗದ್ದೆಗಳೂ ಉಂಟು. ರಾಮದುರ್ಗ ಮೂಡಣದ ತುದಿ, ಕಲ್ಲುಗುಡ್ಡ, ಮಳೆ ಕಡಿಮೆ. ನಡುವೆ ಬೈಲಹೊಂಗಲ, ಸವದತ್ತಿ. ಮೈಲುಗಟ್ಟಲೆ ಎರಿ ಭೂಮಿ. ಎರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಇದರ ಮೇಲೆ ಯಾವ ಗಾಡಿಯಾದರೂ ಓಡುತ್ತದೆ. ಒಂದು ದೊಡ್ಡ ಮಳೆ ಬಿದ್ದ ಮೇಲೆ ಮಾತ್ರ ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ಇಟ್ಟರೆ ನೀವು ನಾಲ್ಕು ಬೆರಳು ಎತ್ತರ ಆಗಿರುತ್ತೀರಿ. ಅಂಟು ಬೇರೆ, ಜಾರಿಕೆ ಬೇರೆ ಅಂತ ಇಲ್ಲ, ಎರಡೂ ಒಟ್ಟಿಗೆ. ಈ ಮಣ್ಣು ವರ್ಷದಲ್ಲಿ ಕೆಲವು ವಾರ ಮಾತ್ರ ವೈರಿ, ಉಳಿದ ದಿನ ಗೆಳೆಯ. ಮುಂದಿನ ಕಥೆಗೆ ಈ ಲೆಕ್ಕ ಬೇಕು.

ಆ ಕೆಲವು ವಾರಗಳಲ್ಲಿ ಇಲ್ಲಿ ದಂಡು ನಡೆಸುವುದು ಎಂಥ ಕೆಲಸ ಅಂತ ಆಮೇಲೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಗೆ ಚೆನ್ನಾಗಿ ಗೊತ್ತಿತ್ತು. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯ ವಾಘ್ ನಮ್ಮ ಸೀಮೆಯಲ್ಲಿ ದಂಡು ಕಟ್ಟಿಕೊಂಡು ಓಡಾಡುತ್ತಿದ್ದ. 1800ರ ಮಳೆಗಾಲದಲ್ಲಿ ಆಗ ಕರ್ನಲ್ ಆಗಿದ್ದ ವೆಲ್ಲೆಸ್ಲಿ ಅವನ ಬೆನ್ನು ಹತ್ತಿದ. ಜುಲೈ 30ರಂದು ಸವದತ್ತಿ ತಾಲೂಕಿನ ಮುನವಳ್ಳಿ ಹತ್ತಿರ, ತುಂಬಿದ ಮಲಪ್ರಭೆಯ ದಂಡೆಯಲ್ಲಿ, ಧೋಂಡಿಯನ ಪಾಳೆಯದ ಮೇಲೆ ಬಿದ್ದ. ಹಿಂದೆ ಕುದುರೆ ದಂಡು, ಮುಂದೆ ಹೊಳೆ. ಹೊಳೆಗೆ ಬಿದ್ದು ಸತ್ತವರು ಬಹಳ. ಆದರೆ ಧೋಂಡಿಯ ಅಲ್ಲಿ ಸಿಗಲಿಲ್ಲ. ಗೆದ್ದವನಿಗೂ ಅದೇ ಹೊಳೆ ಅಡ್ಡ ಬಂತು. ಹರಿಗೋಲು ಕಟ್ಟಿಸಿ ದಂಡು ದಾಟಿಸುವುದರಲ್ಲಿ ದಿನಗಳು ಹೋದವು. ಕೊನೆಗೆ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ. ಆ ಕಾಲದ ಫೋರ್-ವೀಲ್-ಡ್ರೈವ್ ಯಾವುದು ಅಂದರೆ ಮೈಸೂರಿನ ಅಮೃತ ಮಹಲ್ ಎತ್ತುಗಳು. ವೆಲ್ಲೆಸ್ಲಿಯ ದಂಡಿನ ಓಟಕ್ಕೆ ಅವು ಎಷ್ಟು ಮುಖ್ಯ ಅನ್ನುವುದು ಅವನಿಗೇ ಗೊತ್ತಿತ್ತು. ಎತ್ತಿನ ಅನುಕೂಲ ನೋಡಿ: ನಾಲ್ಕೂ ಕಾಲಿಗೆ ಶಕ್ತಿ, ಯಾವ ಕಾಲಿಗೆ ಎಷ್ಟು ಅನ್ನುವ ತೀರ್ಮಾನ ಅದರದ್ದೇ. ಇವತ್ತಿನ ಟ್ರ್ಯಾಕ್ಷನ್ ಕಂಟ್ರೋಲ್ ಸಾಫ್ಟ್‌ವೇರು ಇನ್ನೂ ಆ ಮಟ್ಟಕ್ಕೆ ಬಂದಿಲ್ಲ ಅಂತ ಒಬ್ಬ ಸಾಫ್ಟ್‌ವೇರಿನವನಾಗಿ ಹೇಳಬಲ್ಲೆ.

ಆಮೇಲೆ ನೂರು ವರ್ಷ ಚಕ್ಕಡಿಯದೇ ರಾಜ್ಯ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿಗೆ ಅಲ್ಲಿಯ ಹತ್ತಿ ನಿಂತಾಗ ನಮ್ಮ ಎರಿ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿ ಅಂಡಿಗೆ ಹೇರಿಕೊಂಡ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಲುಗಟ್ಟಿದವು. ಹಳೆಯ ಬಂಡಿದಾರಿಗಳ ಜಾಡು ಈಗಲೂ ನಮ್ಮ ಹೊಲಗಳ ನಡುವೆ ಆಳಕ್ಕೆ ಇಳಿದಿದೆ. ಕಬ್ಬಿಣದ ಪಟ್ಟಿ ಬಡಿದ ಸಣ್ಣ ಗಾಲಿ ಎರಿಯನ್ನು ಚೂರಿಯಂತೆ ಕೊಯ್ಯುತ್ತದೆ. ಅದಕ್ಕೇ ರೈತ ಮಳೆಗಾಲದಲ್ಲಿ ಬಂಡಿ ಕಟ್ಟುವುದನ್ನೇ ಕಡಿಮೆ ಮಾಡಿದ. ಹಿಂಗಾರಿ ಬೆಳೆ ಮನೆಗೆ ಬರುವ ಹೊತ್ತಿಗೆ, ಬನದ ಹುಣ್ಣಿವೆ, ಭಾರತ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹೊತ್ತಿಗೆ ದಾರಿ ಒಣಗಿ ಕಲ್ಲಾಗಿರುತ್ತಿತ್ತು. ಜಾತ್ರೆ ಚಳಿಗಾಲಕ್ಕೇ ಬರುವುದಕ್ಕೆ ದೇವಿಯ ಕಾರಣ ಏನಿದೆಯೋ, ಎತ್ತುಗಳಿಗಂತೂ ಅದು ಭಾರೀ ಅನುಕೂಲ.

ಈ ನಡುವೆ ಸವದತ್ತಿ ಪಕ್ಕದ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಒಬ್ಬ ಹುಡುಗನ ಮಾತು ಬರಲೇಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆಗೆದವರು, ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಅದನ್ನು ಮುಟ್ಟಲಿಲ್ಲ. ಮೊದಲ ಕೆಲವು ನೇಗಿಲು ಮಾರಲಿಕ್ಕೇ ವರ್ಷಗಳು ಹಿಡಿದವು ಅನ್ನುವುದು ಅವರ ಕಥೆ ಹೇಳುವವರೆಲ್ಲ ಹೇಳುವ ಮಾತು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟು ಕಿರ್ಲೋಸ್ಕರವಾಡಿ ಆಯಿತು. ನಗುವುದು ಸುಲಭ, ಆದರೆ ರೈತ ಮೂರ್ಖನಾಗಿರಲಿಲ್ಲ. ಹೊಸ ಸಾಮಾನು ವರ್ಷದ ಎಲ್ಲ ದಿನ ಏನು ಮಾಡುತ್ತದೆ ಅಂತ ನೋಡದೆ ಕೈ ಹಾಕುವಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ. ಈ ಹೆಸರು ಕೊನೆಯಲ್ಲಿ ಇನ್ನೊಮ್ಮೆ ಬರುತ್ತದೆ.

ಈಗ ಜೀಪು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧಭೂಮಿಯಲ್ಲಿ ಟಾರ್ ರಸ್ತೆ ಎಲ್ಲಿರಬೇಕು? ಹಾಗಾಗಿ ಮುಂದಿನ ಗಾಲಿಯನ್ನು ಬಿಡಿಸುವ ಯೋಚನೆಯೇ ಇರಲಿಲ್ಲ. ಗಾಲಿಯೂ ಶಾಫ್ಟೂ ಆರು ಬೋಲ್ಟಿನಲ್ಲಿ ಬಿಗಿದೇ ಇದ್ದವು. ಯುದ್ಧ ಮುಗಿದ ಮೇಲೆ ಉಳಿದ ಜೀಪುಗಳನ್ನು ಅಗ್ಗಕ್ಕೆ ಮಾರಿದರು. ಕೊಂಡವರು ರೈತರು, ಅರಣ್ಯದವರು, ಟಪಾಲು ಹಂಚುವವರು. ಅವರಿಗೆ ಕೆಸರು ತಿಂಗಳಿಗೆ ನಾಲ್ಕು ದಿನ, ರಸ್ತೆ ಇಪ್ಪತ್ತಾರು ದಿನ. 1948ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಆರ್ಥರ್ ವಾರ್ನ್ ಎಂಬಾತ ಇಂಥ ಹಳೇ ಸೈನ್ಯದ ಜೀಪುಗಳಿಗಾಗಿಯೇ ಲಾಕಿಂಗ್ ಹಬ್ ಮಾಡಿ ಮಾರಲು ಶುರು ಮಾಡಿದ. ಇವತ್ತು ವಿಂಚಿಗೆ ಹೆಸರಾದ ವಾರ್ನ್ ಕಂಪನಿ ಹುಟ್ಟಿದ್ದು ಹೀಗೆ. ಅದೇ ಸುಮಾರಿಗೆ, 1946ರಲ್ಲಿ ಡಾಡ್ಜ್ ಪವರ್ ವ್ಯಾಗನ್, 1947ರಲ್ಲಿ ವಿಲ್ಲಿಸ್ ಟ್ರಕ್, ಹೀಗೆ ಕಾರ್ಖಾನೆಯಿಂದಲೇ ನಾಲ್ಕು ಗಾಲಿಗೂ ಶಕ್ತಿ ಇರುವ ಪಿಕಪ್‌ಗಳು ಸಾಮಾನ್ಯ ಜನರ ಕೈಗೆ ಬಂದವು.

ಇದರಲ್ಲಿ ನನಗೆ ಹಿಡಿಸಿದ ಮಾತೊಂದಿದೆ. ವಾರ್ನ್ ಮಾರಿದ್ದು ಹೊಸ ಶಕ್ತಿಯನ್ನಲ್ಲ. ಇದ್ದ ಶಕ್ತಿಯನ್ನು ಬೇಡದಾಗ ಬಿಚ್ಚಿಡುವ ಅವಕಾಶವನ್ನು. ಯುದ್ಧದ ಯಂತ್ರವನ್ನು ಮನೆಗೆ ಹೊಂದಿಸಿದ್ದು ಆ ಬಿಲ್ಲೆ.

ನಮ್ಮ ದೇಶಕ್ಕೆ ಬಂದರೆ, 1945ರ ಅಕ್ಟೋಬರ್ 2ರಂದು ಕೆ.ಸಿ. ಮಹೀಂದ್ರಾ, ಜೆ.ಸಿ. ಮಹೀಂದ್ರಾ ಸೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಕಂಪನಿ ಕಟ್ಟಿದರು. ದೇಶ ಒಡೆಯಿತು. ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. ಕಂಪನಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. 1949ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುವಾಯಿತು. ಆಗ ಬೈಲಹೊಂಗಲ, ಸವದತ್ತಿ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗವೂ 1948ರಲ್ಲಿ ಅದಕ್ಕೇ ಸೇರಿತ್ತು. ಹಾಗಾಗಿ ನಮ್ಮವರ ಪಾಲಿಗೆ ಜೀಪು ಬೆಂಗಳೂರಿನ ಕಡೆಯಿಂದ ಅಲ್ಲ, ಮುಂಬಯಿ ಕಡೆಯಿಂದ ಬಂದ ವಸ್ತು.

ಮೊದಲು ಅದು ಬಂದದ್ದು ಸರಕಾರದ ರೂಪದಲ್ಲಿ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕು, ಬ್ಲಾಕಿಗೊಬ್ಬ ಬಿಡಿಓ, ಬಿಡಿಓಗೊಂದು ಜೀಪು. 'ಜೀಪು ಬಂತು' ಅಂದರೆ ಸಾಹೇಬರು ಬಂದರು ಅಂತಲೇ ಅರ್ಥ. ಕಂದಾಯ ಬಾಕಿ ಇದ್ದವರು ಹೊಲಕ್ಕೆ ಓಡುವ ಸದ್ದು ಅದು. ಎತ್ತರದ ಬಾನೆಟ್ಟಿನ ಆ ಸಿಜೆ-3ಬಿ ಜೀಪು ನಿಮಗೆ ಹಳೇ ಸಿನಿಮಾಗಳಿಂದ ಗೊತ್ತಿರುತ್ತದೆ. ಬಾನೆಟ್ಟು ಎತ್ತರ ಆದದ್ದು ಗತ್ತಿಗಲ್ಲ. ಹೊಸ ಎಂಜಿನ್ನಿನ ತಲೆ ಎತ್ತರ ಇತ್ತು, ಹಳೇ ಬಾನೆಟ್ಟಿನೊಳಗೆ ಹಿಡಿಸಲಿಲ್ಲ.

ಅದು ಪೆಟ್ರೋಲ್ ಕುಡಿಯುವ ಗಾಡಿ. 1973ರ ನಂತರ ಪೆಟ್ರೋಲಿನ ಬೆಲೆ ಏರಿದಾಗ ಜೀಪಿಗೆ ಡೀಸೆಲ್ ಎಂಜಿನ್ ಬಂತು, ಅದೂ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಬಳಗದ್ದು. ಎಂಬತ್ತರ ದಶಕದ ನಡುವೆ 2112 ಸಿಸಿಯ ಪ್ಯೂಜೊ ಡೀಸೆಲ್ ಇದ್ದ ಎಂಎಂ-540 ಬಂದ ಮೇಲೆ ಜೀಪು ಸಾಹೇಬರ ಕೈಯಿಂದ ಇಳಿದು ಜನರ ಕೈಗೆ ಬಂತು. ಕೆಲವು ಶೋರೂಮಿನಿಂದ, ಕೆಲವು ಮಿಲಿಟರಿ ಡಿಸ್ಪೋಸಲ್ಲಿನಿಂದ.

ಬಂದ ಮೇಲೆ ನಮ್ಮವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಮೂಲೆಗಿಟ್ಟದ್ದು. ಹಳೇ ಮಿಸ್ತ್ರಿಗಳು ಇದನ್ನು ಇವತ್ತೂ ನಗುತ್ತಾ ಹೇಳುತ್ತಾರೆ. "ಮುಂದಿಂದು ಯಾಕ ಬೇಕ್ರೀ, ಡೀಸೆಲ್ ತಿಂತೈತಿ, ಸೌಂಡ್ ಮಾಡತೈತಿ." ಹಬ್ಬಿಗೆ ದುಡ್ಡು ಹಾಕುವ ಬದಲು ಸ್ಪ್ಯಾನರಿನಲ್ಲೇ ಮುಗಿಸಿದ ಪರಿಹಾರ. ವಾರ್ನ್ ಕಂಡುಕೊಂಡದ್ದನ್ನೇ ಇವರೂ ಕಂಡುಕೊಂಡಿದ್ದರು, ಆದರೆ ವಾಪಸ್ ಬರುವ ದಾರಿ ಮಾತ್ರ ಇಟ್ಟುಕೊಳ್ಳಲಿಲ್ಲ. ಕಂಪನಿಗೂ ಮಾರುಕಟ್ಟೆ ಅರ್ಥವಾಯಿತು; ಹಿಂದಿನ ಗಾಲಿಗೆ ಮಾತ್ರ ಶಕ್ತಿ ಇರುವ ಕಮಾಂಡರು, ಮಾರ್ಷಲ್ಲು ಹಳ್ಳಿ ಹಳ್ಳಿಗೆ ಬಂದವು. ತೊಂಬತ್ತರ ದಶಕದಲ್ಲಿ ಅವುಗಳ ಜೊತೆಗೆ ಟ್ರ್ಯಾಕ್ಸು ಸೇರಿತು. ಬೈಲಹೊಂಗಲದಿಂದ ಸವದತ್ತಿಗೆ, ಸವದತ್ತಿಯಿಂದ ಗುಡ್ಡಕ್ಕೆ, ಗಾಡಿ ತುಂಬಿದ ಮೇಲೇ ಬಿಡುವುದು. ತುಂಬುವುದು ಅಂದರೆ ಸೀಟು ತುಂಬುವುದಲ್ಲ, ಹಿಂದಿನ ಫುಟ್‌ಬೋರ್ಡಿನ ಮೇಲೆ ಕಾಲಿಡಲು ಜಾಗ ಮುಗಿಯುವುದು. ಹೈಸ್ಕೂಲಿಗೆ ಹೋಗುವಾಗ ನಾನು ಜೋತುಬಿದ್ದದ್ದೂ ಅಲ್ಲೇ. ಹದಿನೆಂಟು ಜನರ ಭಾರ ಹಿಂದಿನ ಗಾಲಿಯ ಮೇಲೆ ಬಿದ್ದಾಗ ಹಿಡಿತ ತಾನಾಗೇ ಬರುತ್ತದೆ, ಫೋರ್-ವೀಲ್ ಯಾರಿಗೆ ಬೇಕು! ಆದರೂ ಸಿಕ್ಕಿಕೊಂಡರೆ ಎಲ್ಲರೂ ಇಳಿದು ನೂಕುವುದು. ಅದೂ ಆಗದಿದ್ದರೆ ಪಕ್ಕದ ಹೊಲದವರ ಟ್ರ್ಯಾಕ್ಟರು.

ಅದೇ ಜನರ ಮಕ್ಕಳು ನಾವು. ಬೆಂಗಳೂರು, ಪುಣೆಯಲ್ಲಿ ಸಂಬಳ ಬಂದ ಮೇಲೆ ಅಪ್ಪಂದಿರು ಬಿಚ್ಚಿಟ್ಟ ಶಾಫ್ಟನ್ನು ಹುಡುಕಿಕೊಂಡು ಗುಜರಿ ಅಂಗಡಿ ಅಲೆಯುತ್ತಿದ್ದೇವೆ. ಅವರು ದುಡ್ಡು ಉಳಿಸಲು ಬಿಚ್ಚಿದ್ದನ್ನು ನಾವು ದುಡ್ಡು ಕೊಟ್ಟು ಕಟ್ಟಿಸುತ್ತಿದ್ದೇವೆ. ಇದನ್ನು ಅಪ್‌ಗ್ರೇಡ್ ಅನ್ನುತ್ತೇವೆ. ಊರಲ್ಲಿ ಅಪ್ಪನ ವಯಸ್ಸಿನವರು ಇದನ್ನು ಏನನ್ನುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಶೋಕಿ ಅಂತ ಮಾತ್ರ ತಳ್ಳಿಹಾಕುವುದೂ ಸರಿಯಲ್ಲ. 1972ರಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದ ಮೇಲೆ ಲೆಕ್ಕ ಬದಲಾಗಿದೆ. ಕಾಲುವೆ ನೀರು ಮುಟ್ಟಿದ ಕಡೆ ಕಬ್ಬು, ಗೋವಿನಜೋಳ. ಹೊಲ ಈಗ ಚಳಿಗಾಲದಲ್ಲೂ ಹಸಿ. ಮಣ್ಣು ವೈರಿಯಾಗಿರುವ ವಾರಗಳು ಹೆಚ್ಚಾಗಿವೆ. ಎತ್ತು ಕಡಿಮೆಯಾಗಿವೆ. ಹಾಲು, ತರಕಾರಿ, ಗೊಬ್ಬರ, ಮೋಟರು, ಪೈಪು ಎಲ್ಲ ಸಾಗುವುದು ಪಿಕಪ್ಪಿನಲ್ಲಿ. ಮಳೆಗಾಲದ ನಡುರಾತ್ರಿ ತೋಟದ ಮನೆಯಿಂದ ಬಾಣಂತಿಯನ್ನು ಟಾರ್ ರಸ್ತೆಗೆ ಮುಟ್ಟಿಸಬೇಕಾದ ಮನೆಯವರಿಗೆ ಮುಂದಿನ ಎರಡು ಗಾಲಿ ಎಳೆಯುವುದು ಶೋಕಿಯಲ್ಲ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಆ ಅರ್ಧ ಮೈಲು ಹೋದವರನ್ನು ಕೇಳಿ.

ಅದಕ್ಕೇ ಪಟ್ಟಿಯ ಕ್ರಮ ಮುಖ್ಯ. ಎರಿ ಮಣ್ಣಿನಲ್ಲಿ ಮೊದಲು ಸೋಲುವುದು ಟಯರು. ಹೈವೇ ಟಯರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡು ಎರಡೇ ಸುತ್ತಿನಲ್ಲಿ ಅದು ಲಟ್ಟಣಿಗೆ ಆಗುತ್ತದೆ. ನಾಲ್ಕು ಲಟ್ಟಣಿಗೆಗೂ ಶಕ್ತಿ ಕೊಟ್ಟರೆ ಗಾಡಿ ನಾಲ್ಕೂ ಕಡೆ ಸಮನಾಗಿ ಹುಗಿಯುತ್ತದೆ, ಅಷ್ಟೇ ಲಾಭ. ಮೊದಲು ಅಗಲ ಸಂದಿನ ಮಡ್ ಟಯರು. ಆಮೇಲೆ ಹಬ್ಬು, ಅದರ ಜೊತೆಗೆ ಮುಂದಿನ ಗಾಲಿಯ ಬೇರಿಂಗು, ಆಯಿಲ್ ಸೀಲು, ಬ್ರೇಕು. ಎಲ್‌ಇಡಿ ಬಾರು ಕೊನೆಗೆ. ಹುಗಿದ ಗಾಡಿಯನ್ನು ಚೆನ್ನಾಗಿ ಕಾಣಲು ಮಾತ್ರ ಅದು ಉಪಯೋಗ. ಇನ್ನು ಎಂಜಿನ್ ಬದಲಿಸುವುದು, ಬಾಡಿ ಕೊಯ್ಯುವುದು ಅಂತ ಹೊರಡುವವರು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನೆನಪಿಡಬೇಕು: ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಮೊದಲು ಆರ್‌ಟಿಓ ಬಾಗಿಲು, ಆಮೇಲೆ ಗ್ಯಾಸ್ ಕಟ್ಟರು.

ದುಡ್ಡಿದ್ದವರಿಗೆ ಈ ತಾಪತ್ರಯವೇ ಇಲ್ಲ. 2022ರಲ್ಲಿ ಟೊಯೊಟಾ ಹೈಲಕ್ಸ್ ಭಾರತಕ್ಕೆ ಬಂತು. ಗುಂಡಿ ತಿರುಗಿಸಿದರೆ ನಾಲ್ಕು ಗಾಲಿ. ಕೆಸರಿಗೆ ಇಳಿದು ಹಬ್ ತಿರುಗಿಸುವ ಮಾತೇ ಇಲ್ಲ. ಅದು ಜೋಡಣೆಯಾಗುವುದು ನಮ್ಮ ಬಿಡದಿಯಲ್ಲಿ, ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಹೌದು, ಅದೇ ಕಿರ್ಲೋಸ್ಕರ್. ಗುರ್ಲಹೊಸೂರಿನ ಹುಡುಗನ ಕಬ್ಬಿಣದ ನೇಗಿಲನ್ನು ಹೆದರಿ ಮುಟ್ಟದ ರೈತರ ಮರಿಮಕ್ಕಳು ಆ ಮನೆತನದ ಹೆಸರಿನ ಪಿಕಪ್ಪಿಗೆ ಇಎಂಐ ಲೆಕ್ಕ ಹಾಕುತ್ತಿದ್ದಾರೆ. ಬೆಲೆ ಮಾತ್ರ ಒಂದು ಒಳ್ಳೆಯ ಎರಿ ಹೊಲವನ್ನು ನೆನಪಿಸುವಷ್ಟು. ಎಷ್ಟೋ ಮನೆಗಳಲ್ಲಿ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ, ಹಳೇ ಪಿಕಪ್ಪಿಗೇ ವಾಪಸ್ ಬರುತ್ತದೆ.

ವಾಪಸ್ ಬಂದವರಿಗೆ ಕೆಲವು ಮಾತು. ಕೆಸರಿಗೆ ಇಳಿಯುವ ಮೊದಲೇ ಹಬ್ ಲಾಕ್ ಮಾಡಿ. ಹುಗಿದ ಮೇಲೆ ತಿರುಗಣಿ ಮಣ್ಣಿನೊಳಗೆ ಇರುತ್ತದೆ. ಎರಡೂ ಕಡೆಯದನ್ನು ತಿರುಗಿಸಿ. ಒಂದೇ ಕಡೆ ಲಾಕ್ ಆಗಿದ್ದರೆ ಡಿಫರೆನ್ಷಿಯಲ್ ತನ್ನ ಓಟವನ್ನೆಲ್ಲ ಫ್ರೀ ಇರುವ ಕಡೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಕೈಯಿಂದಲೇ ತಿರುಗಿಸಿ, ಪಕ್ಕಡ್ ಹಾಕಬೇಡಿ. ತಿರುಗದಿದ್ದರೆ ಗಾಡಿಯನ್ನು ಒಂದಡಿ ಹಿಂದೆ ಮುಂದೆ ಮಾಡಿ, ಹಲ್ಲು ಹಲ್ಲಿಗೆ ಕೂತು ತಾನಾಗೇ ತಿರುಗುತ್ತದೆ. ಒಣ ಟಾರ್ ರಸ್ತೆಗೆ ಬಂದ ಕೂಡಲೇ ಒಳಗಿನ ಲಿವರ್ ತೆಗೆಯಿರಿ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು, ಶಾಫ್ಟುಗಳು ಬಿಗಿದಿದ್ದರೆ ಅದಕ್ಕೆ ಅವಕಾಶ ಇರುವುದಿಲ್ಲ, ಯಾವುದೋ ಒಂದು ಮುರಿಯುತ್ತದೆ.

ಇನ್ನೊಂದು ಉಪಯೋಗವನ್ನು ಯಾರೂ ಹೇಳುವುದಿಲ್ಲ. ಹಬ್ ಫ್ರೀ ಇಟ್ಟು ಒಳಗಿನ ಲಿವರನ್ನು ಲೋ ಗೇರಿಗೆ ಹಾಕಿದರೆ ಹಿಂದಿನ ಗಾಲಿಗೆ ಮಾತ್ರ ನಿಧಾನದ ಓಟ ಸಿಗುತ್ತದೆ. ಹೇರು ಹೇರಿದ ಟ್ರೈಲರನ್ನು ಸಂದಿಯಲ್ಲಿ ಹಿಂದಕ್ಕೆ ಬಿಡಲು ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಏರಿನಲ್ಲಿ ಎಳೆಯಲು ಹೋದರೆ ಎಲ್ಲ ಬಲವೂ ಹಿಂದಿನ ಆಕ್ಸಲ್ಲಿಗೇ ಬಿದ್ದು ಅದು ಮುರಿಯಬಹುದು.

ವರ್ಷವಿಡೀ ಫ್ರೀ ಇಟ್ಟು ಮರೆಯುವುದೂ ಒಳ್ಳೆಯದಲ್ಲ. ನಿಂತ ಡಿಫರೆನ್ಷಿಯಲ್ಲಿನ ಎಣ್ಣೆ ಕೆಳಗೇ ಕೂತು ಮೇಲಿನ ಹಲ್ಲು ಒಣಗುತ್ತದೆ. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ, ಲಿವರ್ ಟೂ-ವೀಲಿನಲ್ಲೇ ಇಟ್ಟು, ಕಿತ್ತೂರಿನ ಹತ್ತಿರ ಹೈವೇ ಹಿಡಿದು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಇನ್ನು ಗ್ರೀಸು. ಚಕ್ಕಡಿಗೆ ಕೀಲೆಣ್ಣೆ ಹಾಕಿ ಬೆಳೆದ ಕೈ ಧಾರಾಳ. ಹಬ್ಬು ಬಿಚ್ಚಿದರೆ ಅಂಗೈ ತುಂಬ ಗ್ರೀಸ್ ತುರುಕುತ್ತದೆ. ಬೇಡ ಅನ್ನಿ. ಬೇರಿಂಗಿಗೆ ತುಂಬ, ಹಬ್ಬಿನ ಹಲ್ಲಿಗೆ ತೆಳ್ಳಗೆ ಒಂದು ಪದರ. ಹೆಚ್ಚಾದರೆ ಚಳಿಗಾಲದ ಬೆಳಗಿನ ಜಾವ ಗ್ರೀಸ್ ಗಟ್ಟಿಯಾಗಿ ತಿರುಗಣಿ ಅಲುಗುವುದಿಲ್ಲ.